ಗಂಜಿಗಾಗಿ ಮನೆ ಬಿಟ್ಟವರು



ಗುಳೆ ಅನ್ನೋ ಮಾತು ನಮ್ಮ ಕೇರಿಯ ಮಕ್ಕಳಿಗೆ ಅಕ್ಷರ ಕಲಿಯೋಕೆ ಮುಂಚೇನೇ ಗೊತ್ತಿರ್ತದೆ. ತೆಲುಗು ಮಾತಾಡೋರು ಇದನ್ನೇ ‘ಸುಗ್ಗಿಗೆ ಹೋಗೋದು’ ಅಂತಾರೆ. ಕನ್ನಡದಲ್ಲಿ ಸುಗ್ಗಿ ಅಂದ್ರೆ ಮನೆಗೆ ಕಾಳು ಬರೋ ಕಾಲ, ನಮ್ಮ ಕಡೆ ಮನೆಗೆ ಬೀಗ ಬೀಳೋ ಕಾಲ.

1876–78ರ ಧಾತು-ಈಶ್ವರ ಬರದಲ್ಲಿ ಆದೋನಿ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿತ್ತು. (ಆಂಧ್ರ ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ.) 1877ರ ಜನವರಿಯಲ್ಲಿ ಪರಿಹಾರದ ಖರ್ಚು ಇಳಿಸೋಕೆ ಸರ್ ರಿಚರ್ಡ್ ಟೆಂಪಲ್ ಬಂದ. ದಿನಗೂಲಿಯ ಧಾನ್ಯವನ್ನು ಒಂದು ಪೌಂಡಿಗೆ, ಅಂದ್ರೆ ಅರ್ಧ ಕೇಜಿಗೂ ಕಡಿಮೆಗೆ ಇಳಿಸಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದು ಸಾಲಲ್ಲ ಅಂತ ವಿರೋಧಿಸಿದ. ಪುಸ್ತಕಗಳಲ್ಲಿ ಈ ಜಗಳವೇ ಹೆಚ್ಚು. ನನ್ನ ಕಣ್ಣಿಗೆ ಬಿದ್ದದ್ದು ಟೆಂಪಲ್‌ನ ಇನ್ನೊಂದು ನಿಯಮ: ದುಡಿಯೋ ಶಕ್ತಿ ಇರೋರಿಗೆ ಮನೆಯಿಂದ ಹತ್ತು ಮೈಲಿ ಒಳಗೆ ಕೆಲಸ ಕೊಡಬಾರದು. ಮನೆ ಬಿಟ್ಟು ಬರೋನೇ ನಿಜವಾಗಿ ಹಸಿದೋನು ಅನ್ನೋ ಲೆಕ್ಕ ಇರಬೇಕು. ಹಗೇವಿನಲ್ಲಿ ಜೋಳ ಇದ್ದೋರು ಒಂದಷ್ಟು ದಿನ ತಡೆದಿರಬಹುದು. ಹಗೇವೇ ಇಲ್ಲದ ನಮ್ಮ ಹಿರಿಯರು ಕೂಸನ್ನ ಕಂಕುಳಲ್ಲಿ ಎತ್ಕೊಂಡು ಮೊದಲೇ ನಡೆದಿರಬೇಕು. 1871 ಮತ್ತು 1881ರ ಜನಗಣತಿ ನಡುವೆ ಬಳ್ಳಾರಿ ಜಿಲ್ಲೆಯ ಜನ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದರು.

ಈಗ ನಿಯಮ ತಿರುಗಿದೆ. ಮಕ್ಕಳ ಅನ್ನ ಊರಿಗೆ ಅಂಟಿಕೊಂಡಿದೆ. 1975ರಲ್ಲಿ ಶುರುವಾದ ಅಂಗನವಾಡಿ ಯೋಜನೆಯಲ್ಲಿ ಕೂಸಿನ ಹೆಸರು ಊರಿನ ರಿಜಿಸ್ಟರಿನಲ್ಲಿರ್ತದೆ, 2003ರಲ್ಲಿ ಬಂದ ಮಧ್ಯಾಹ್ನದ ಊಟ ಊರಿನ ಶಾಲೆಯಲ್ಲಿ. ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯೋರು ಗುಂಟೂರಿಗೆ ಮೆಣಸಿನಕಾಯಿ, ಹತ್ತಿ ಬಿಡಿಸೋಕೆ ಹೋದಾಗ ಮಕ್ಕಳ ಹೆಸರು ಇಲ್ಲಿ, ಹೊಟ್ಟೆ ಅಲ್ಲಿ. ರೇಷನ್ ಅಕ್ಕಿಯನ್ನ ಈಗ ಬೇರೆ ಊರಲ್ಲೂ ತಗೋಬಹುದು, ಅದು ದೊಡ್ಡ ಅನುಕೂಲವೇ. ಆದ್ರೆ ಅಂಗನವಾಡಿಯ ಮೊಟ್ಟೆ, ಹಾಲು ಊರಲ್ಲೇ ಉಳೀತದೆ.

ನಾಲ್ಕು ವರ್ಷದವನಿದ್ದಾಗ ನಾನೂ ಅಲ್ಲಿ ಹೊಲದ ಬದಿಯ ಗುಡಿಸಲಲ್ಲಿದ್ದೆ. ನಸುಕಲ್ಲಿ ಅವ್ವ ಮಾಡಿಟ್ಟ ಅನ್ನವೇ ರಾತ್ರಿ ತನಕ. ಮೂರು ತಿಂಗಳಾದ ಮೇಲೆ ವಾಪಸ್ ಬಂದಾಗ ಅಂಗನವಾಡಿ ಅಕ್ಕ ನನ್ನ ಹೆಸರಿನ ಮೇಲೆ ಗೆರೆ ಎಳೆದಿದ್ರಂತೆ. ಅಕ್ಕನ ತಪ್ಪೇನಿಲ್ಲ, ಬಾರದ ಕೂಸಿನ ಲೆಕ್ಕ ಅವರೂ ಎಷ್ಟು ದಿನ ಇಟ್ಕೊಂಡಾರು?

ಈ ಸಲ ಗುಳೆ ಹೊರಡೋ ಮುಂಚೆ ನಮ್ಮ ಸಂಘದೋರು ಕೇರಿಯಲ್ಲಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡೋಣ. ಹೋಗೋ ಊರಿನ ಅಂಗನವಾಡಿಯಲ್ಲಿ ತೋರಿಸೋಕೆ ಒಂದೊಂದು ಕಾಗದ ಬರೆಸಿ ತಾಯಂದಿರ ಕೈಗೆ ಕೊಡೋಣ. ಬರೆಯೋ ಕೆಲಸ ನಾನು ಮಾಡ್ತೀನಿ.