ಯುಎಸ್‌ಎಸ್ ಜೂನಿ

ಯುಎಸ್‌ಎಸ್ ಜೂನಿಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕದ ನೌಕಾಪಡೆಯಲ್ಲಿದ್ದ ಒಂದು ಟಗ್ ನೌಕೆ. ದಾಳಿಗೆ ತುತ್ತಾಗಿ ಚಲನಶಕ್ತಿ ಕಳೆದುಕೊಂಡ ಹಡಗುಗಳನ್ನು ಎಳೆದು ತರುವುದು, ಮರಳಿನಲ್ಲಿ ಸಿಲುಕಿದವುಗಳನ್ನು ಬಿಡಿಸುವುದು ಇದರ ಕರ್ತವ್ಯವಾಗಿತ್ತು. ಯುದ್ಧಾನಂತರ ಇದು ಟಮರೋವಾ ಎಂಬ ಹೆಸರಿನಿಂದ ಅಮೇರಿಕದ ಕರಾವಳಿ ರಕ್ಷಣಾ ಪಡೆಯಲ್ಲಿ 1994ರವರೆಗೆ ಸೇವೆ ಸಲ್ಲಿಸಿತು. ಎರಡೂ ಹೆಸರುಗಳು ಅಮೇರಿಕದ ಮೂಲನಿವಾಸಿ ಜನಾಂಗಗಳವು.

ನಿರ್ಮಾಣ

ಚೆರೋಕೀ ವರ್ಗದ ಈ ನೌಕೆಯನ್ನು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಿರ್ಮಿಸಿ, 1943ರ ಜುಲೈ 31ರಂದು ನೀರಿಗಿಳಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇದು ಸೇವೆಗೆ ಸೇರಿತು. ಉದ್ದ 205 ಅಡಿ. ಡೀಸೆಲ್ ಎಂಜಿನ್‌ಗಳು ಉತ್ಪಾದಿಸುವ ವಿದ್ಯುತ್ತಿನಿಂದ ಇದು ಚಲಿಸುತ್ತಿತ್ತು.

ಯುದ್ಧಕಾಲದ ಸೇವೆ

1944ರ ನವೆಂಬರ್ 3ರ ರಾತ್ರಿ ಫಿಲಿಪ್ಪೀನ್ಸ್‌ನ ಪೂರ್ವಕ್ಕೆ, ಜಪಾನಿನ ಜಲಾಂತರ್ಗಾಮಿಯೊಂದರ ಟಾರ್ಪಿಡೊ ದಾಳಿಯಿಂದ ರೆನೊ ಎಂಬ ಲಘು ಕ್ರೂಸರ್ ತೀವ್ರವಾಗಿ ಹಾನಿಗೊಂಡಿತು. ತನಗಿಂತ ಬಹುಪಾಲು ದೊಡ್ಡದಾದ ಆ ಹಡಗನ್ನು ಜೂನಿಯು ಸುಮಾರು 1,500 ಮೈಲಿ ದೂರ ಎಳೆದು ಉಲಿಥಿ ದ್ವೀಪವಲಯಕ್ಕೆ ತಲುಪಿಸಿತು.

1945ರಲ್ಲಿ ಐವೊ ಜಿಮಾ ದ್ವೀಪದ ತೀರದಲ್ಲಿ, ಟ್ಯಾಂಕುಗಳನ್ನು ದಡಕ್ಕಿಳಿಸುವ ಹಡಗುಗಳಿಗೆ ಇದು ನೆರವಾಯಿತು. ಅಂಥದೊಂದು ಕಾರ್ಯದಲ್ಲಿ ಎಳೆಯುವ ಉಕ್ಕಿನ ಹಗ್ಗ ತುಂಡಾಗಿ ಇಬ್ಬರು ನಾವಿಕರು ಮೃತಪಟ್ಟರು. ಬಳಿಕ ಜೂನಿಯೇ ಅಲೆಗಳ ಹೊಡೆತಕ್ಕೆ ಸಿಕ್ಕಿ ದಡಕ್ಕೆ ಬಿದ್ದಿತು. ಅನ್ಯರನ್ನು ಎಳೆಯಲು ಬಂದಿದ್ದ ನೌಕೆಯನ್ನು ದುರಸ್ತಿಗಾಗಿ ಬೇರೆಯವರು ಎಳೆದೊಯ್ಯಬೇಕಾಯಿತು. ಯುದ್ಧಸೇವೆಗಾಗಿ ಇದಕ್ಕೆ ನಾಲ್ಕು ಸಮರ ತಾರೆಗಳು ಸಂದಿವೆ.

ಕರಾವಳಿ ರಕ್ಷಣಾ ಪಡೆಯಲ್ಲಿ

1946ರಲ್ಲಿ ನೌಕೆಯನ್ನು ಕರಾವಳಿ ರಕ್ಷಣಾ ಪಡೆಗೆ ಹಸ್ತಾಂತರಿಸಲಾಯಿತು. 1991ರ ಅಕ್ಟೋಬರ್ ಕೊನೆಯಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಭೀಕರ ಚಂಡಮಾರುತವೆದ್ದಿತು. ರಕ್ಷಣೆಗೆ ತೆರಳಿದ್ದ ವಾಯುದಳದ ಹೆಲಿಕಾಪ್ಟರೊಂದು ಆಕಾಶದಲ್ಲಿ ಇಂಧನ ತುಂಬಿಕೊಳ್ಳಲಾಗದೆ ಕಡಲಿಗಿಳಿಯಿತು. ಅದರಲ್ಲಿದ್ದ ಐವರಲ್ಲಿ ನಾಲ್ವರನ್ನು ಟಮರೋವಾದ ಸಿಬ್ಬಂದಿ ರಾತ್ರಿಯ ಕತ್ತಲಲ್ಲಿ, ಬಲೆ ಇಳಿಬಿಟ್ಟು ಮೇಲಕ್ಕೆಳೆದುಕೊಂಡರು, ಒಬ್ಬರು ಪತ್ತೆಯಾಗಲಿಲ್ಲ. ಸೆಬಾಸ್ಟಿಯನ್ ಯುಂಗರ್ ಅವರ 'ದಿ ಪರ್ಫೆಕ್ಟ್ ಸ್ಟಾರ್ಮ್' (1997) ಕೃತಿಯಿಂದ ಈ ಘಟನೆ ಪ್ರಸಿದ್ಧವಾಯಿತು.

ಅಂತ್ಯ

1994ರಲ್ಲಿ ನಿವೃತ್ತಿಗೊಂಡ ಬಳಿಕ ನೌಕೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲು ಸ್ವಯಂಸೇವಕರು ಶ್ರಮಿಸಿದರು. ಆದರೆ ಶಿಥಿಲಗೊಂಡ ಒಡಲಿನೊಳಗೆ ನೀರು ನುಗ್ಗತೊಡಗಿದ್ದರಿಂದ ಆ ಪ್ರಯತ್ನ ಕೈಗೂಡಲಿಲ್ಲ. 2017ರ ಮೇ 10ರಂದು ಇದನ್ನು ನ್ಯೂಜೆರ್ಸಿ ರಾಜ್ಯದ ಕೇಪ್ ಮೇ ತೀರದಾಚೆ ಕಡಲಿನಲ್ಲಿ ಮುಳುಗಿಸಲಾಯಿತು. ಐವತ್ತು ವರ್ಷ ಇತರ ಹಡಗುಗಳನ್ನೂ ನಾವಿಕರನ್ನೂ ಮುಳುಗದಂತೆ ಕಾಯ್ದ ಈ ನೌಕೆ ಈಗ ಮೀನುಗಳಿಗೆ ಆಶ್ರಯ ನೀಡುವ ಕೃತಕ ದಿಬ್ಬವಾಗಿದೆ.