ಗಾಜಿನ ಫಲಕದಿಂದ ಚೀಟಿ ಎತ್ತುವವರೆಗೆ: ಕೊಲರಾಡೊ ಪ್ರಸ್ಥಭೂಮಿಯನ್ನು ಕ್ಯಾಮೆರಾ ಕಂಡ ಬಗೆ

ಅಮೆರಿಕದ ಯೂಟಾ, ಅರಿಜೋನಾ, ಕೊಲರಾಡೊ, ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನ ಸುತ್ತ ಮೂರು ಲಕ್ಷಕ್ಕೂ ಹೆಚ್ಚು ಚದರ ಕಿಲೋಮೀಟರ್ ಹರಡಿಕೊಂಡಿರುವುದು ಕೊಲರಾಡೊ ಪ್ರಸ್ಥಭೂಮಿ. ಇಡೀ ಕರ್ನಾಟಕಕ್ಕಿಂತ ಒಂದೂವರೆ ಪಟ್ಟಿಗೂ ದೊಡ್ಡದಾದ ಈ ಒಣನೆಲದ ಬಹುಭಾಗ ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಸುಡುತ್ತದೆ, ಚಳಿಗಾಲದಲ್ಲಿ ಕೆಂಪು ಬಂಡೆಗಳ ಮೇಲೆ ಹಿಮ ಕೂರುತ್ತದೆ. ಮಣ್ಣೂ ಮರವೂ ಕಡಿಮೆ. ಹಾಗಾಗಿ ಕೋಟ್ಯಂತರ ವರ್ಷಗಳ ಕಲ್ಲಿನ ಪದರಗಳು ಬತ್ತಲಾಗಿ ನಿಂತಿವೆ, ನದಿಗಳು ಅವುಗಳನ್ನು ಆಳವಾಗಿ ಕೊಯ್ದಿವೆ. ಇದರ ಪಶ್ಚಿಮಕ್ಕೆ ನೆವಾಡದ ಗ್ರೇಟ್ ಬೇಸಿನ್, ಇಷ್ಟೇ ಎತ್ತರದ ಇನ್ನೊಂದು ಒಣನಾಡು.

ಇವೆರಡರ ಚಿತ್ರ ತೆಗೆಯಲು ಹೋದವರ ಕಥೆಯನ್ನು ಸಾಮಾನ್ಯವಾಗಿ ಏಕಾಂಗಿ ಸಾಹಸಿಗಳ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಒಂದೂವರೆ ಶತಮಾನದಲ್ಲಿ ಇಲ್ಲಿಗೆ ಕ್ಯಾಮೆರಾ ಹೊತ್ತು ಬಂದವರಲ್ಲಿ ಬಹುಪಾಲು ಜನ ಯಾರದೋ ಸಂಬಳದ ಮೇಲೆ, ಯಾರದೋ ಉದ್ದೇಶಕ್ಕಾಗಿ ಬಂದವರು. ಹಣ ಕೊಟ್ಟವರು ಯಾರು ಎಂದು ಕೇಳುತ್ತಾ ಹೋದರೆ ಈ ಕ್ಷೇತ್ರ ಬೆಳೆದ ಬಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಹಣ ಕೊಟ್ಟದ್ದು ಸರ್ಕಾರ. ಅಂತರ್ಯುದ್ಧ ಮುಗಿದ ಮೇಲೆ, 1867ರಿಂದ 1879ರ ನಡುವೆ, ಪಶ್ಚಿಮದ ನೆಲವನ್ನು ಅಳೆಯಲು ನಾಲ್ಕು ದೊಡ್ಡ ಸಮೀಕ್ಷೆಗಳು ಹೊರಟವು. ಕ್ಲಾರೆನ್ಸ್ ಕಿಂಗ್, ಜಾರ್ಜ್ ವೀಲರ್, ಫರ್ಡಿನಾಂಡ್ ಹೇಡನ್, ಜಾನ್ ವೆಸ್ಲಿ ಪವೆಲ್ ಇವುಗಳ ಮುಖ್ಯಸ್ಥರು. ಅದಿರು ಎಲ್ಲಿದೆ, ರೈಲು ಎಲ್ಲಿ ಹೋಗಬಹುದು, ಸೈನ್ಯ ಎಲ್ಲಿ ನಡೆಯಬಹುದು ಎಂಬುದು ಸರ್ಕಾರದ ಪ್ರಶ್ನೆ. ಭೂವಿಜ್ಞಾನಿ, ನಕ್ಷೆಗಾರರ ಜೊತೆಗೆ ಛಾಯಾಗ್ರಾಹಕನೂ ಸಂಬಳದ ಪಟ್ಟಿಗೆ ಸೇರಿದ.

ಆ ಕೆಲಸದ ಕಷ್ಟವನ್ನು ಇಂದು ಊಹಿಸುವುದೂ ಕಷ್ಟ. ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಹರಡಿ, ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಅದ್ದಿ, ಅದು ಒದ್ದೆಯಿರುವಾಗಲೇ ಕ್ಯಾಮೆರಾದಲ್ಲಿಟ್ಟು ಬೆಳಕು ಕೊಟ್ಟು, ಒಣಗುವ ಮೊದಲೇ ಡೆವಲಪ್ ಮಾಡಬೇಕು. ಮರುಭೂಮಿಯ ಒಣಗಾಳಿಯಲ್ಲಿ ಅದಕ್ಕೆ ಸಿಗುತ್ತಿದ್ದುದು ಕೆಲವೇ ನಿಮಿಷ. ಅಂದರೆ ಕ್ಯಾಮೆರಾ ಹೋದಲ್ಲೆಲ್ಲ ಡಾರ್ಕ್‌ರೂಮೂ ಹೋಗಬೇಕು, ತೊಳೆಯಲು ನೀರೂ ಹೋಗಬೇಕು. ಧೂಳಿನ ಒಂದು ಕಣ ಬಿದ್ದರೆ ಫಲಕ ಹಾಳು. ಆ ಲೇಪನಕ್ಕೆ ನೀಲಿ ಬೆಳಕು ವಿಪರೀತ ತಾಗುತ್ತಿದ್ದುದರಿಂದ ಆಕಾಶವೆಲ್ಲ ಬರಿ ಬಿಳುಪಾಗಿ ಬರುತ್ತಿತ್ತು. ಅಂದಿನ ಚಿತ್ರಗಳಲ್ಲಿ ಮೋಡ ಕಾಣದಿರುವುದಕ್ಕೆ ಇದೇ ಕಾರಣ.

ಈ ತಲೆಮಾರಿನಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವವನು ತಿಮೊತಿ ಓ'ಸಲಿವನ್. ಅಂತರ್ಯುದ್ಧದ ಗೆಟಿಸ್‌ಬರ್ಗ್ ರಣರಂಗದ ಹೆಣಗಳನ್ನು ಚಿತ್ರಿಸಿದವನು 1867ರಲ್ಲಿ ಕಿಂಗ್ ತಂಡದೊಂದಿಗೆ ನೆವಾಡದ ಕಾರ್ಸನ್ ಮರುಭೂಮಿಗೆ ಬಂದ. ಅಲ್ಲಿ ತೆಗೆದ ಮರಳದಿಬ್ಬಗಳ ಚಿತ್ರದಲ್ಲಿ ಹೇಸರಗತ್ತೆಗಳು ಎಳೆದು ತಂದ ಬಂಡಿ ನಿಂತಿದೆ. ಅದು ಅವನ ಡಾರ್ಕ್‌ರೂಮು. ಬಂಡಿಯಿಂದ ಕ್ಯಾಮೆರಾದವರೆಗೆ ಮರಳಿನಲ್ಲಿ ಹೆಜ್ಜೆ ಗುರುತುಗಳೂ ಕಾಣುತ್ತವೆ. ಬೇಕಿದ್ದರೆ ಇನ್ನೊಂದು ದಿಕ್ಕಿಗೆ ತಿರುಗಿ ಯಾರೂ ತುಳಿಯದ ಮರಳನ್ನು ತೋರಿಸಬಹುದಿತ್ತು. ಆತ ಹಾಗೆ ಮಾಡಲಿಲ್ಲ. ಮನುಷ್ಯ ಇಲ್ಲಿಗೆ ಬಂದ ಎಂಬುದನ್ನು ಚಿತ್ರದೊಳಗೇ ಬಿಟ್ಟ. ಮುಂದಿನ ಎಂಬತ್ತು ವರ್ಷ ಬಂದವರಲ್ಲಿ ಹೆಚ್ಚಿನವರಿಗೆ ಈ ಪ್ರಾಮಾಣಿಕತೆ ಇರಲಿಲ್ಲ.

1871ರಲ್ಲಿ ವೀಲರ್ ತಂಡದೊಂದಿಗೆ ಕೊಲರಾಡೊ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ದೋಣಿ ಎಳೆದು ಗ್ರ್ಯಾಂಡ್ ಕ್ಯಾನ್ಯನ್ ತನಕ ಹೋದ. ಆ ಪ್ರಯಾಣದ ಗಾಜಿನ ನೆಗೆಟಿವ್‌ಗಳಲ್ಲಿ ಬಹುಪಾಲು ಪೂರ್ವಕ್ಕೆ ಸಾಗಿಸುವಾಗ ಹಾಳಾದವು. 1873ರಲ್ಲಿ ಕ್ಯಾನ್ಯನ್ ಡಿ ಶೇ ಎಂಬ ಕಮರಿಯಲ್ಲಿ, ಬಂಡೆಯ ಪೊಟರೆಯೊಳಗಿನ ಪುರಾತನ ಮನೆಗಳ ಚಿತ್ರ ತೆಗೆದ. ಪಟ್ಟೆಪಟ್ಟೆಯಾದ ಗೋಡೆಯ ಕೆಳಗೆ ಮನುಷ್ಯರು ಚುಕ್ಕಿಗಳಷ್ಟೇ. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. 1864ರಲ್ಲಿ ಸೈನ್ಯ ಇದೇ ಕಮರಿಯಿಂದ ಮೂಲನಿವಾಸಿಗಳಾದ ನವಾಹೊ ಜನರನ್ನು ಒಕ್ಕಲೆಬ್ಬಿಸಿ ನೂರಾರು ಮೈಲಿ ನಡೆಸಿತ್ತು. ಅವರು ಮರಳಿ ಬಂದು ಆಗಿನ್ನೂ ಐದು ವರ್ಷವಾಗಿತ್ತಷ್ಟೆ. ಅದೇ ಪ್ರವಾಸದಲ್ಲಿ ಓ'ಸಲಿವನ್ ಮಗ್ಗದ ಬಳಿ ಕೂತ ನವಾಹೊ ಕುಟುಂಬವನ್ನೂ ಚಿತ್ರಿಸಿದ. ಜನವಿಲ್ಲದ ಕಾಡುನೆಲ ಎಂಬ ಕಲ್ಪನೆ ಅವನ ಫಲಕಗಳಲ್ಲಿಲ್ಲ, ಅದು ಆಮೇಲೆ ಹುಟ್ಟಿದ್ದು. ಆತ 1882ರಲ್ಲಿ ಕ್ಷಯದಿಂದ ತೀರಿಕೊಂಡ.

ಪವೆಲ್ ತಂಡದ ಕಥೆಯಲ್ಲಿ ಸ್ವಲ್ಪ ತಮಾಷೆಯೂ ಇದೆ. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಪವೆಲ್ 1869ರಲ್ಲಿ ಮೊದಲ ಸಲ ನದಿ ಇಳಿದಾಗ ಜೊತೆಗೆ ಛಾಯಾಗ್ರಾಹಕನೇ ಇರಲಿಲ್ಲ. 1871ರ ಎರಡನೆಯ ಯಾನಕ್ಕೆ ಬಂದ ಬೀಮನ್ ಜಗಳವಾಡಿ ಬಿಟ್ಟುಹೋದ. ನಂತರ ಬಂದ ಫೆನ್ನಮೋರ್ ಕಾಯಿಲೆ ಬಿದ್ದ. ಹುಟ್ಟು ಹಾಕಲೆಂದು ಕೂಲಿಗೆ ಸೇರಿದ್ದ ಜಾನ್ ಹಿಲರ್ಸ್ ಅವರಿಂದ ಕೆಲಸ ಕಲಿತು ಕ್ಯಾಮೆರಾ ಹಿಡಿದ, ಕಡೆಗೆ ಸರ್ಕಾರದ ಭೂವಿಜ್ಞಾನ ಇಲಾಖೆಯ ಮುಖ್ಯ ಛಾಯಾಗ್ರಾಹಕನೇ ಆದ. ಹೇಡನ್ ತಂಡದ ವಿಲಿಯಂ ಹೆನ್ರಿ ಜಾಕ್ಸನ್ 1874ರಲ್ಲಿ ಮೇಸಾ ವರ್ಡೆ ಭಾಗದ ಬಂಡೆಮನೆಗಳನ್ನು ಮೊದಲು ಚಿತ್ರಿಸಿದವನು. ಸಾಮಾನು ಹೊರುವ ಹೇಸರಗತ್ತೆಗೆ ಫೋಟೊ ರಾಸಾಯನಿಕದ ಹೆಸರನ್ನೇ, ಹೈಪೊ ಎಂದು, ಇಟ್ಟಿದ್ದ. ಅವನೇ 1877ರಲ್ಲಿ ಗಾಜನ್ನು ಬಿಟ್ಟು ಹೊಸ ಒಣ ಫಿಲ್ಮನ್ನು ನಂಬಿ ಚಾಕೊ ಕಮರಿಗೆ ಹೋಗಿ, ಸುಮಾರು 400 ಚಿತ್ರಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಾಗದೆ ಮರಳಿದ.

ಎರಡನೆಯ ಘಟ್ಟದ ಯಜಮಾನ ಪ್ರವಾಸಿ. 1901ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚಿಗೆ ರೈಲು ಬಂತು. ಹಿಂದೆಯೇ ಎಲ್ಸ್‌ವರ್ತ್ ಮತ್ತು ಎಮೆರಿ ಕೋಲ್ಬ್ ಸಹೋದರರು ಬಂದರು. ಬೆಳಗ್ಗೆ ಹೇಸರಗತ್ತೆ ಏರಿ ಕಮರಿ ಇಳಿಯುವ ಪ್ರವಾಸಿಗರ ಫೋಟೊ ತೆಗೆದು, ಅವರು ಹತ್ತಿ ಬರುವಷ್ಟರಲ್ಲಿ ಪ್ರಿಂಟ್ ಕೈಗಿಡುವುದು ಅವರ ವ್ಯಾಪಾರ. ತೊಡಕೆಂದರೆ ಅಂಚಿನಲ್ಲಿ ನೀರಿಲ್ಲ. ನೀರಿದ್ದದ್ದು ಏಳು ಕಿಲೋಮೀಟರ್ ಕೆಳಗೆ, ಇಂಡಿಯನ್ ಗಾರ್ಡನ್ ಎಂಬಲ್ಲಿನ ತೊರೆಯ ಬಳಿ. ಸಹೋದರರು ಪ್ಲೇಟು ಹಿಡಿದು ಓಡುತ್ತಾ ಇಳಿದು, ಅಲ್ಲಿ ತೊಳೆದು, ಸುಮಾರು 900 ಮೀಟರ್ ಏರಿ ಪ್ರವಾಸಿಗರಿಗಿಂತ ಮೊದಲೇ ಅಂಗಡಿ ಸೇರುತ್ತಿದ್ದರು. 1911–12ರಲ್ಲಿ ಮೂವಿ ಕ್ಯಾಮೆರಾ ಕಟ್ಟಿಕೊಂಡು ಇಡೀ ನದಿ ಇಳಿದರು. ಎಮೆರಿ ಆ ಸಿನಿಮಾವನ್ನು 1976ರಲ್ಲಿ ಸಾಯುವವರೆಗೂ ತನ್ನ ಸ್ಟುಡಿಯೊದಲ್ಲಿ ತೋರಿಸುತ್ತಲೇ ಇದ್ದ. ಇಂಡಿಯನ್ ಗಾರ್ಡನ್‌ನಲ್ಲಿ ಬೇಸಾಯ ಮಾಡಿಕೊಂಡಿದ್ದವರು ಹವಸುಪಾಯಿ ಜನ. ರಾಷ್ಟ್ರೀಯ ಉದ್ಯಾನ ಅವರನ್ನು ಅಲ್ಲಿಂದ ಹೊರಹಾಕಿತು. ಆ ಜಾಗಕ್ಕೆ ಅವರ ಹೆಸರು ಸಿಕ್ಕಿದ್ದು 2022ರಲ್ಲಿ.

ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಬಗ್ಗೆ ಓದುಗರಿಗೆ ಗೊತ್ತಿರುವುದೇ ಹೆಚ್ಚು. ಮರೆತುಹೋಗಿದ್ದ ಓ'ಸಲಿವನ್‌ನ ಚಿತ್ರಗಳನ್ನು 1937ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ ಒದಗಿಸಿದ್ದು ಆತನೇ. ಹೆಸರಾಂತ 'ಮೂನ್‌ರೈಸ್, ಹರ್ನಾಂಡೆಜ್' ಕೂಡ ಒಳಾಡಳಿತ ಇಲಾಖೆ ವಹಿಸಿದ ಪ್ರವಾಸದಲ್ಲಿ ಸಿಕ್ಕಿದ್ದು. ದಿನಾಂಕ ಬರೆದಿಡುವ ಅಭ್ಯಾಸ ಅವನಿಗಿರಲಿಲ್ಲ. ಚಂದ್ರನ ಸ್ಥಾನ ಲೆಕ್ಕಹಾಕಿ ಅದು 1941ರ ನವೆಂಬರ್ 1ರ ಸಂಜೆ ಎಂದು ಖಗೋಳ ಬಲ್ಲವರು ನಂತರ ಹೇಳಬೇಕಾಯಿತು. ಆಡಮ್ಸ್ ದೊಡ್ಡವನು ನಿಜ, ಆದರೆ ಅವನ ಮರುಭೂಮಿ ನನಗೆ ತುಸು ಹೆಚ್ಚೇ ಶುಚಿಯಾಗಿ ಕಾಣುತ್ತದೆ.

ಬಣ್ಣ ಬಂದಾಗ ಯಜಮಾನ ಮತ್ತೆ ಬದಲಾದ. ಈ ಸಲ ರಸ್ತೆ ಇಲಾಖೆ! ಅರಿಜೋನಾದ ಹೆದ್ದಾರಿ ಇಲಾಖೆ 1925ರಲ್ಲಿ ಆರಂಭಿಸಿದ 'ಅರಿಜೋನಾ ಹೈವೇಸ್' ಪತ್ರಿಕೆ 1946ರ ಡಿಸೆಂಬರಿನಲ್ಲಿ ಪೂರ್ತಿ ವರ್ಣಸಂಚಿಕೆ ತಂದಿತು. ಜೋಸೆಫ್ ಮ್ಯೂಂಚ್‌ನ ಮಾನ್ಯುಮೆಂಟ್ ವ್ಯಾಲಿ ಚಿತ್ರಗಳು ಮನೆಮನೆ ತಲುಪಿದ್ದು ಅದರಿಂದ. ಅದಕ್ಕೂ ಮೊದಲೇ ಜಾನ್ ಫೋರ್ಡ್ 'ಸ್ಟೇಜ್‌ಕೋಚ್' ಸಿನಿಮಾವನ್ನು ಆ ಕಣಿವೆಯಲ್ಲಿ ಚಿತ್ರೀಕರಿಸಿದ್ದ. 1948ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ತಂಡವೊಂದು ಯೂಟಾದ ಕಣಿವೆಯೊಂದಕ್ಕೆ ಫಿಲ್ಮಿನ ಹೆಸರನ್ನೇ ಇಟ್ಟಿತು. ಕೊಡಕ್ರೋಮ್ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಕೊಡಕ್ರೋಮ್ ಬೇಸಿನ್ ಮಾತ್ರ ಅದೇ ಹೆಸರಿನಲ್ಲಿ ಇದೆ.

ಚಿತ್ರ ವಕಾಲತ್ತು ವಹಿಸತೊಡಗಿದ್ದು 1950ರ ದಶಕದಲ್ಲಿ. ಡೈನೊಸಾರ್ ರಾಷ್ಟ್ರೀಯ ಸ್ಮಾರಕದೊಳಗೆ, ಎಕೊ ಪಾರ್ಕ್ ಎಂಬಲ್ಲಿ, ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆಯ ಡೇವಿಡ್ ಬ್ರೋವರ್ ಪುಸ್ತಕವೊಂದನ್ನು ಹೊರತರಿಸಿದ. ವಾಲೇಸ್ ಸ್ಟೆಗ್ನರ್ ಸಂಪಾದಿಸಿದ ಆ ಪುಸ್ತಕದಲ್ಲಿ ಫಿಲಿಪ್ ಹೈಡ್ ಮೊದಲಾದವರ ಚಿತ್ರಗಳಿದ್ದವು. ಅಣೆಕಟ್ಟಿನ ಯೋಜನೆ ಕೈಬಿಟ್ಟುಹೋಯಿತು. ಆದರೆ ಅದಕ್ಕಾಗಿ ಮಾಡಿಕೊಂಡ ರಾಜಿಯ ನೆರಳಿನಲ್ಲೇ 1956ರಲ್ಲಿ ಕೆಳಗಿನ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿಗೆ ಒಪ್ಪಿಗೆ ಸಿಕ್ಕಿತು. ಆ ಕಮರಿಯನ್ನು ನೋಡಿದ್ದವರು ಕೆಲವರೇ ಆಗಿದ್ದರಿಂದ ಕೂಗೆದ್ದದ್ದೂ ಕಡಿಮೆ.

ಅಲ್ಲಿಗೆ ಹೋದವನು ಎಲಿಯಟ್ ಪೋರ್ಟರ್, ಹಾರ್ವರ್ಡ್‌ನಲ್ಲಿ ವೈದ್ಯಶಾಸ್ತ್ರ ಓದಿ ಪಾಠ ಹೇಳುತ್ತಿದ್ದವನು. ಅವನ ಚಿತ್ರಗಳಲ್ಲಿ ಆಕಾಶ ಅಪರೂಪ, ದಿಗಂತವೂ ಅಪರೂಪ. ಕಿರಿದಾದ ಕೊರಕಲಿನಲ್ಲಿ ಎದುರಿನ ಬಿಸಿಲುಗೋಡೆಯಿಂದ ಪುಟಿದ ಕೆಂಪು ಬೆಳಕು ಒಂದೆಡೆ, ಒದ್ದೆ ಕಲ್ಲಿನ ಮೇಲೆ ಬಿದ್ದ ಆಕಾಶದ ನೀಲಿ ಇನ್ನೊಂದೆಡೆ. ನೆರಳಿನಲ್ಲೇ ಮರುಭೂಮಿಯ ಬಣ್ಣವಿದೆ ಎಂದು ತೋರಿಸಿದವನು ಆತ. ಇಂದು ಫೋನಿನಲ್ಲಿ ಕೊರಕಲಿನ ಚಿತ್ರ ತೆಗೆಯುವ ಪ್ರತಿಯೊಬ್ಬರೂ, ಹೆಸರು ಕೇಳಿರದಿದ್ದರೂ, ಪೋರ್ಟರನ ಶಿಷ್ಯರೇ. ಈ ವಿಷಯದಲ್ಲಿ ಅವನ ಪ್ರಭಾವ ಆಡಮ್ಸ್‌ಗಿಂತ ದೊಡ್ಡದು ಎಂಬುದು ನನ್ನ ಎಣಿಕೆ. 'ದ ಪ್ಲೇಸ್ ನೋ ವನ್ ನ್ಯೂ' ಎಂಬ ಅವನ ಪುಸ್ತಕ 1963ರಲ್ಲಿ ಬಂತು. ಅಣೆಕಟ್ಟಿನ ಬಾಗಿಲು ಮುಚ್ಚಿದ್ದೂ ಅದೇ ವರ್ಷ. ಪುಸ್ತಕ ಶ್ರದ್ಧಾಂಜಲಿಯಾಯಿತು. ಹೆಸರಿನಲ್ಲಿ ಯಾರಿಗೂ ಗೊತ್ತಿಲ್ಲದ ಜಾಗ ಎಂದದ್ದಂತೂ ಸುಳ್ಳು, ನವಾಹೊ ಜನರಿಗೆ ಅದು ಗೊತ್ತಿತ್ತು. ಹಿನ್ನೀರಿಗೆ ಪವೆಲ್‌ನ ಹೆಸರನ್ನೇ ಇಟ್ಟರು. 1980ರಲ್ಲಿ ಅದು ಪೂರ್ತಿ ತುಂಬಿತು. 2000ದಿಂದೀಚೆಗಿನ ಬರದಲ್ಲಿ ಇಳಿಯುತ್ತಾ ಬಂದು, 2005ರಲ್ಲಿ 'ಕೆಥೀಡ್ರಲ್ ಇನ್ ದ ಡೆಸರ್ಟ್' ಎಂಬ ಮುಳುಗಿದ್ದ ಗವಿಯಂಗಳ ಮತ್ತೆ ಕಾಣಿಸಿತು. ಛಾಯಾಗ್ರಾಹಕರು ಮತ್ತೆ ಅಲ್ಲಿಗೆ ಹೋದರು.

ಸುಂದರ ಚಿತ್ರಗಳ ಮೇಲೆ ಅನುಮಾನ ಹುಟ್ಟಿದ್ದು ಆನಂತರ. 1975ರಲ್ಲಿ ರಾಚೆಸ್ಟರಿನ 'ನ್ಯೂ ಟೊಪೊಗ್ರಾಫಿಕ್ಸ್' ಪ್ರದರ್ಶನ ಪಶ್ಚಿಮದ ಮನೆ, ಗೋದಾಮು, ಪಾರ್ಕಿಂಗ್ ಜಾಗಗಳನ್ನೇ ಭೂದೃಶ್ಯವೆಂದು ಮುಂದಿಟ್ಟಿತು. ರಿಚರ್ಡ್ ಮಿಸ್ರಾಕ್ 1990ರ ತನ್ನ 'ಬ್ರಾವೊ 20' ಪುಸ್ತಕದಲ್ಲಿ ನೌಕಾಪಡೆ ಬಾಂಬ್ ಹಾಕಿ ಹಾಳುಗೆಡವಿದ ನೆಲವನ್ನು ತೋರಿಸಿದ. ಆ ನೆಲವಿರುವುದು ಓ'ಸಲಿವನ್ ಬಂಡಿ ನಿಲ್ಲಿಸಿದ ಕಾರ್ಸನ್ ಪ್ರದೇಶದಲ್ಲೇ.

ಇದೇ ಕಾಲದ ಇನ್ನೊಂದು ಕೆಲಸ ನನಗೆ ಇನ್ನೂ ಮಹತ್ವದ್ದೆನಿಸುತ್ತದೆ. 1977ರಿಂದ 1979ರವರೆಗೆ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು ಹಳೆಯ ಸಮೀಕ್ಷೆಗಳ ಕ್ಯಾಮೆರಾ ನಿಂತಿದ್ದ ಜಾಗಗಳನ್ನು ಹುಡುಕಿ, ನೆರಳಿನ ಕೋನ ನೋಡಿ ಹೊತ್ತು ಗೊತ್ತುಮಾಡಿ, ಅದೇ ದೃಶ್ಯವನ್ನು ಮತ್ತೆ ತೆಗೆದರು. ಕೆಲವೆಡೆ ಶತಮಾನ ಕಳೆದರೂ ಸಣ್ಣ ಕಲ್ಲೂ ಕದಲಿರಲಿಲ್ಲ, ಕೆಲವೆಡೆ ಊರೇ ಎದ್ದಿತ್ತು. ಯೂಟಾದ ಒಂದು ಬಂಡೆಯನ್ನು ಚಿತ್ರಿಸುವಾಗ ಓ'ಸಲಿವನ್ ಕ್ಯಾಮೆರಾವನ್ನೇ ಓರೆ ಮಾಡಿದ್ದನೆಂಬುದೂ ಬಯಲಾಯಿತು. ಭೂಮಿಯ ರೂಪ ಉತ್ಪಾತಗಳಿಂದ ಆದದ್ದೆಂದು ನಂಬಿದ್ದ ಕಿಂಗ್‌ನ ವಾದಕ್ಕೆ ಇಂಬು ಕೊಡಲು ಹೀಗೆ ಮಾಡಿರಬಹುದೇ ಎಂಬ ಚರ್ಚೆ ಇಂದಿಗೂ ಇದೆ. ನಮ್ಮ ಹಂಪಿಯಲ್ಲೂ ಇಂಥದೇ ಕೆಲಸ ನಡೆದಿದೆ: 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಕಾಗದದ ನೆಗೆಟಿವ್ ಮೇಲೆ ಹಿಡಿದ ದೃಶ್ಯಗಳನ್ನು 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆದ.

ಇಂದಿನ ಘಟ್ಟದಲ್ಲಿ ಯಜಮಾನನನ್ನು ಹುಡುಕುವುದು ಕಷ್ಟ, ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಡಿಜಿಟಲ್ ಸೆನ್ಸರ್ ರಾತ್ರಿಯ ಆಕಾಶವನ್ನು ತೆರೆದುಕೊಟ್ಟಿತು. ಯೂಟಾದ ನ್ಯಾಚುರಲ್ ಬ್ರಿಡ್ಜಸ್ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಆಯಿತು. ಜೊತೆಗೆ ಹಾನಿಯೂ ಬಂತು. 2000ದಲ್ಲಿ ವೃತ್ತಿಪರ ಛಾಯಾಗ್ರಾಹಕನೊಬ್ಬ ಬೆಳಕಿನ ಚಂದಕ್ಕಾಗಿ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿನ ಕೆಳಗೆ ಬೆಂಕಿ ಹಚ್ಚಿ ಬಂಡೆಗೆ ಕಲೆ ಮಾಡಿದ, ಶಿಕ್ಷೆಯೂ ಆಯಿತು. 2014ರಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ನಿಷೇಧವಾಯಿತು. ಅರಿಜೋನಾದ 'ದ ವೇವ್' ಎಂಬ ಅಲೆಯಾಕಾರದ ಮರಳುಗಲ್ಲಿನ ತಾಣಕ್ಕೆ ದಿನಕ್ಕೆ 20 ಮಂದಿಯನ್ನಷ್ಟೇ ಬಿಡುತ್ತಿದ್ದರು, 2021ರಿಂದ 64. ಯಾರು ಹೋಗಬೇಕೆಂಬುದು ಲಾಟರಿಯಲ್ಲಿ ತೀರ್ಮಾನ. ಇದನ್ನು ಬೈಯುವವರಿದ್ದಾರೆ. ನಾನು ಲಾಟರಿಯ ಪರ.

ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿಂದ ಕಾರಿನಲ್ಲಿ ಈ ಕಡೆ ಬರುವ ಕನ್ನಡಿಗರು ಈಗ ಅನೇಕ. ಅವರಿಗೆ ಕೆಲವು ಮಾತು. ಕಪ್ಪಗೆ ಉಬ್ಬುಬ್ಬಾಗಿ ಕಾಣುವ ಮಣ್ಣನ್ನು ತುಳಿಯಬೇಡಿ. ಅದು ಜೀವಂತ ಹೆಪ್ಪು, ಮತ್ತೆ ಕಟ್ಟಲು ದಶಕಗಳು ಬೇಕು. ಆಂಟಲೋಪ್ ಕೊರಕಲಿಗೆ ನವಾಹೊ ಮಾರ್ಗದರ್ಶಿ ಇಲ್ಲದೆ ಪ್ರವೇಶವಿಲ್ಲ. 1997ರ ಆಗಸ್ಟಿನಲ್ಲಿ ಎಲ್ಲೋ ದೂರದಲ್ಲಿ ಬಿದ್ದ ಮಳೆಯ ನೀರು ನುಗ್ಗಿ ಅಲ್ಲಿ 11 ಜನ ಸತ್ತರು. ಆದ್ದರಿಂದ ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಮಾರ್ಗದರ್ಶಿ ಬೇಡವೆಂದರೆ ವಾದಿಸದೆ ಹಿಂದಿರುಗಿ. ಹೋಪಿ ಜನರ ಹಳ್ಳಿಗಳಲ್ಲಿ ಫೋಟೊ, ವಿಡಿಯೊ, ಚಿತ್ರ ಬರೆಯುವುದು ಯಾವುದಕ್ಕೂ ಅನುಮತಿಯಿಲ್ಲ. ಅಲ್ಲಿಗೆ ಹೋಗುವುದಾದರೆ ಕ್ಯಾಮೆರಾವನ್ನೂ ಫೋನನ್ನೂ ಕಾರಿನಲ್ಲೇ ಬಿಟ್ಟು ಇಳಿಯಿರಿ.