ಹಾಡಿನ ಪಟ್ಟಿಯೂ ಕೇಳುಗರ ವಾದವೂ

ವರ್ಷದ ಕೊನೆಯ ತಿಂಗಳು ಬಂತೆಂದರೆ ಇಂಗ್ಲೆಂಡ್, ಅಮೆರಿಕಗಳ ಸಂಗೀತ ಪತ್ರಿಕೆಗಳು ಆ ವರ್ಷ ಹೊರಬಂದ ಆಲ್ಬಂಗಳಲ್ಲಿ ಅತ್ಯುತ್ತಮವಾದುವನ್ನು ಆರಿಸಿ, ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಪ್ರಕಟಿಸುತ್ತವೆ. ಪಟ್ಟಿ ಹೊರಬಿದ್ದ ದಿನವೇ ರಸಿಕರಲ್ಲಿ ವಾದ ಆರಂಭ. ನಮ್ಮ ಮೆಚ್ಚಿನ ಗಾಯಕಿ ಹದಿನೇಳನೆಯವಳೇಕೆ, ನಿನ್ನೆ ಮೊನ್ನೆ ಬಂದವನು ಮೊದಲನೆಯವನೇಕೆ? ರುಚಿಗೆ ಅಂಕೆಯೇ ಎಂದು ನೀವು ನಕ್ಕುಬಿಡಬಹುದು. ಆದರೆ ಈ ಪಟ್ಟಿಗಳು ಹುಟ್ಟಿ ಬೆಳೆದ ಬಗೆಯನ್ನು ನೋಡಿದರೆ, ಈ ವಾದದಲ್ಲಿ ಹುರುಳಿದೆಯೆಂದು ನಿಮಗೂ ತೋರೀತು.

ಮೊದಲು ಆಲ್ಬಂ ಎಂಬ ಮಾತನ್ನೇ ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. ಹಲವು ಪ್ಲೇಟುಗಳನ್ನು ಭಾವಚಿತ್ರಗಳ ಪುಸ್ತಕದಂತೆ ಒಂದೇ ರಟ್ಟಿನೊಳಗೆ ಸೇರಿಸಿ ಮಾರುತ್ತಿದ್ದುದರಿಂದ ಆ ಕಟ್ಟಿಗೆ ಆಲ್ಬಂ ಎಂಬ ಹೆಸರು ಬಂದಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ದೀರ್ಘವಾದನದ ಪ್ಲೇಟನ್ನು ಹೊರತಂದಿತು. ಕಟ್ಟು ಹೋಗಿ ಒಂದೇ ಪ್ಲೇಟು ಉಳಿಯಿತು, ಹೆಸರು ಮಾತ್ರ ಹಾಗೆಯೇ ನಿಂತಿತು. ಮುಂದೆ ಹತ್ತು ಹನ್ನೆರಡು ಹಾಡುಗಳನ್ನು ಒಂದು ಇಡೀ ಕೃತಿಯೆಂದು ತೂಗಿ ನೋಡುವ ಅಭ್ಯಾಸ ಬೆಳೆದದ್ದು ಇದರಿಂದಲೇ.

ಪಟ್ಟಿಗಳಾದರೋ ಹುಟ್ಟಿದ್ದು ರಸವಿಮರ್ಶೆಗಲ್ಲ, ವ್ಯಾಪಾರಕ್ಕೆ. ಅಮೆರಿಕದ ‘ಬಿಲ್‌ಬೋರ್ಡ್’ 1894ರಲ್ಲಿ ಗೋಡೆಗೆ ಜಾಹೀರಾತು ಅಂಟಿಸುವವರಿಗಾಗಿ ಹೊರಟ ಪತ್ರಿಕೆ. 1940ರ ಜುಲೈನಲ್ಲಿ ಅದು ಅಂಗಡಿಗಳಲ್ಲಿ ಹೆಚ್ಚು ಮಾರಿದ ಪ್ಲೇಟುಗಳ ಪಟ್ಟಿಯನ್ನು ಅಚ್ಚುಮಾಡತೊಡಗಿತು. 1945ರ ಮಾರ್ಚ್‌ನಲ್ಲಿ ಆಲ್ಬಂಗಳಿಗೆ ಬೇರೆ ಪಟ್ಟಿಯೇ ಬಂದಿತು. ಇಂಗ್ಲೆಂಡಿನಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬಾತ ಸುಮಾರು 20 ಅಂಗಡಿಗಳಿಗೆ ದೂರವಾಣಿ ಮಾಡಿ, ಏನು ಹೆಚ್ಚು ಮಾರಿತೆಂದು ಕೇಳಿ ಬರೆದುಕೊಂಡ. 1952ರ ನವೆಂಬರ್ 14ರಂದು ಅದು ಅಚ್ಚಾಯಿತು. ಸ್ಥಾನಗಳು ಹನ್ನೆರಡು, ಸರಿಸಮನಾದುವು ಕೆಲವಿದ್ದುದರಿಂದ ಪ್ಲೇಟುಗಳು ಹದಿನೈದು. ಇಡೀ ದೇಶದ ಅಭಿರುಚಿಯೆಂದು ಜನ ಓದಿದ್ದು ಈ ಕೆಲವು ಅಂಗಡಿಗಳವರ ಮಾತನ್ನು.

ಹೆಚ್ಚು ಮಾರಿದ್ದೆಲ್ಲ ಒಳ್ಳೆಯದೇ ಎಂಬ ಪ್ರಶ್ನೆ ಬೇಗನೆ ಎದ್ದಿತು. ಅದಕ್ಕೆ ಉತ್ತರವಾಗಿ ವಿಮರ್ಶಕರ ಮತದಾನ ಬಂದಿತು. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ರಾಬರ್ಟ್ ಕ್ರಿಸ್ಟ್‌ಗೌ 1971ರಲ್ಲಿ ಒಮ್ಮೆ, 1974ರಿಂದ ವರ್ಷವರ್ಷವೂ ಇಂಥ ಮತ ಪಡೆದರು. ಪ್ರತಿ ವಿಮರ್ಶಕನಿಗೂ ನೂರು ಅಂಕಗಳು. ಅವನ್ನು ಹತ್ತು ಆಲ್ಬಂಗಳಿಗೆ ಹಂಚಬೇಕು. ಒಂದಕ್ಕೆ 30ಕ್ಕಿಂತ ಹೆಚ್ಚಿಲ್ಲ, 5ಕ್ಕಿಂತ ಕಡಿಮೆಯಿಲ್ಲ. ಈಗ ಲೆಕ್ಕ ಹಾಕಿ ನೋಡಿ. ನಾಲ್ವರು ಮನಸಾರೆ ಮೆಚ್ಚಿ ಮೂವತ್ತು ಮೂವತ್ತು ಕೊಟ್ಟರೂ 120. ಇಪ್ಪತ್ತು ಮಂದಿ ಪರವಾಗಿಲ್ಲವೆಂದು ಆರಾರು ಕೊಟ್ಟರೂ 120. ಕೆಲವರ ಗಾಢವಾದ ಪ್ರೀತಿಯೂ ಹಲವರ ತೆಳುವಾದ ಒಪ್ಪಿಗೆಯೂ ಪಟ್ಟಿಯಲ್ಲಿ ಒಂದೇ ಆಗಿಬಿಡುತ್ತವೆ. ಕ್ರಿಸ್ಟ್‌ಗೌ ಫಲಿತಾಂಶದೊಡನೆ ದೀರ್ಘ ಲೇಖನವನ್ನೂ ಮತದಾರರ ಟಿಪ್ಪಣಿಗಳನ್ನೂ ಅಚ್ಚುಮಾಡುತ್ತಿದ್ದರು. ಬರಿಯ ಅಂಕೆ ಹೇಳದ ಕಾರಣಗಳಿಗೆ ಅಲ್ಲಿ ಜಾಗವಿತ್ತು.

ಎಣಿಕೆಯ ಬಗೆ ಬದಲಾದರೆ ಏನಾಗುತ್ತದೆಂಬುದು 1991ರಲ್ಲಿ ಬಯಲಾಯಿತು. ಅಲ್ಲಿಯವರೆಗೆ ‘ಬಿಲ್‌ಬೋರ್ಡ್’ ಅಂಗಡಿಯವರು ಹೇಳಿದ ಕ್ರಮವನ್ನೇ ನಂಬಿತ್ತು. ಹೇಳುವವರ ಊಹೆ, ಅವರ ಸ್ವಂತ ರುಚಿ, ಕಂಪೆನಿಗಳ ಒತ್ತಾಯ ಎಲ್ಲವೂ ಅದರಲ್ಲಿ ಬೆರೆಯುತ್ತಿದ್ದುವು. ಆ ವರ್ಷದ ಮೇ 25ರ ಸಂಚಿಕೆಯಿಂದ, ಬಾರ್‌ಕೋಡ್ ಓದುವ ಯಂತ್ರಗಳು ದಾಖಲಿಸಿದ ನಿಜವಾದ ಮಾರಾಟವನ್ನು ಆಲ್ಬಂಗಳ ಪಟ್ಟಿಗೆ ಆಧಾರವಾಗಿ ಹಿಡಿದರು. ಹಳ್ಳಿಗಾಡಿನ ‘ಕಂಟ್ರಿ’ ಸಂಗೀತ, ಕರಿಯ ಯುವಕರ ರ‍್ಯಾಪ್, ಅಬ್ಬರದ ‘ಹೆವಿ ಮೆಟಲ್’ ಥಟ್ಟನೆ ಮೇಲೇರಿದುವು. ಜೂನ್‌ನಲ್ಲಿ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡವೂ ಸೆಪ್ಟೆಂಬರಿನಲ್ಲಿ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್‌ನ ಹೊಸ ಆಲ್ಬಂ ಕೂಡ ಮೊದಲ ಸ್ಥಾನಕ್ಕೆ ಬಂದುವು. ಈ ಕೇಳುಗರು ರಾತ್ರೋರಾತ್ರಿ ಹುಟ್ಟಿದವರಲ್ಲ. ಹಿಂದಿನಿಂದಲೂ ಇದ್ದರು; ಅವರನ್ನು ಸರಿಯಾಗಿ ಎಣಿಸಿರಲಿಲ್ಲ, ಅಷ್ಟೆ. ಪಟ್ಟಿ ನೋಡಿಯೇ ಅಂಗಡಿಯವನು ಸರಕು ತರಿಸುತ್ತಾನೆ, ಬಾನುಲಿಯವನು ಹಾಡು ಆರಿಸುತ್ತಾನೆ. ಎಣಿಕೆಯಲ್ಲಿ ಬಿಟ್ಟುಹೋದ ಕಲಾವಿದನಿಗೆ ಅದು ಬರಿಯ ಮಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ವಿಮರ್ಶಕರ ತೀರ್ಪೂ ಸ್ಥಿರವಲ್ಲ. ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ ಸರ್ವಕಾಲದ 500 ಆಲ್ಬಂಗಳನ್ನು ಆರಿಸಿದಾಗ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್’ ಮೊದಲನೆಯದು. 2020ರಲ್ಲಿ ಹೊಸ ಮತದಾರರನ್ನು ಕೇಳಿದಾಗ ಮಾರ್ವಿನ್ ಗೇಯ 1971ರ ‘ವಾಟ್ಸ್ ಗೋಯಿಂಗ್ ಆನ್’ ಮೊದಲಾಯಿತು. ಬೀಟಲ್ಸರದು 24ಕ್ಕೆ ಇಳಿಯಿತು. ಎರಡು ಮುದ್ರಿಕೆಗಳಲ್ಲಿಯೂ ಒಂದು ಸ್ವರ ಬದಲಾಗಿರಲಿಲ್ಲ!

ಇದೆಲ್ಲ ಕಡಲಾಚೆಯ ಕಥೆಯೆನ್ನಬೇಡಿ. ಇಂಗ್ಲೆಂಡಿನ ಆ ಪಟ್ಟಿ ಅಚ್ಚಾದ ಮೂರು ವಾರದೊಳಗೆ, 1952ರ ಡಿಸೆಂಬರ್ 3ರ ಬುಧವಾರ, ರೇಡಿಯೊ ಸಿಲೋನಿನಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ಮುಂದೆ ಅದರಲ್ಲಿಯೂ ಹಾಡುಗಳಿಗೆ ಸ್ಥಾನ ಬಂದಿತು. ಪ್ಲೇಟುಗಳ ಮಾರಾಟವನ್ನೂ ಶ್ರೋತೃಸಂಘಗಳ ಅಭಿಪ್ರಾಯವನ್ನೂ ನೋಡಿ ಕ್ರಮ ಕಟ್ಟುತ್ತಿದ್ದರು. ವರ್ಷಾಂತ್ಯದ ಪಟ್ಟಿಗಾಗಿ ನಮ್ಮ ನಾಡಿನಲ್ಲಿಯೂ ಜನ ರೇಡಿಯೊ ಮುಂದೆ ಕುಳಿತದ್ದುಂಟು, ವಾದಿಸಿದ್ದುಂಟು. ಆದರೆ ಅದು ಹಿಂದಿ ಚಿತ್ರಗೀತೆಗಳ ಪಟ್ಟಿ. ಕನ್ನಡದ ಹಾಡು ಅಲ್ಲಿ ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ. ಅದು ಕಣದಲ್ಲೇ ಇರಲಿಲ್ಲ.

ಆದ್ದರಿಂದ ಇನ್ನು ಮೇಲೆ ಇಂಥ ಪಟ್ಟಿಯೊಂದು ನಿಮ್ಮ ಕೈಗೆ ಬಂದಾಗ ಮೊದಲ ಹೆಸರನ್ನು ಓದುವ ಮುನ್ನ ಮೂರು ಮಾತು ಕೇಳಿ. ಯಾರನ್ನು ಕೇಳಿದರು? ಏನನ್ನು ಎಣಿಸಿದರು? ಯಾರನ್ನು ಕೇಳದೆ ಬಿಟ್ಟರು? ಆಮೇಲೆ ಧಾರಾಳವಾಗಿ ಜಗಳವಾಡಿ. ನಿಮ್ಮ ಎದುರಾಳಿ ಹೊಗಳಿದ ಹಾಡನ್ನು ಅವನನ್ನು ಸೋಲಿಸುವುದಕ್ಕಾದರೂ ನೀವು ಒಮ್ಮೆ ಕೇಳಬೇಕಾಗುತ್ತದೆ. ಪಟ್ಟಿಯಿಂದ ಸಂಗೀತಕ್ಕೆ ಆಗುವ ದೊಡ್ಡ ಉಪಕಾರ ಅದೇ.